ತಾಂಬೂಲದ ಚೀಲದಲ್ಲಿ ಹೋದ ಫೋಟೋ

ವಿಮಲಾ, ಕರಪತ್ರದಲ್ಲಿ ನಿನ್ನ ಫೋಟೋ ಹಾಕಿಸಿದವನು ನಾನೇ. ಪ್ರೆಸ್ಸಿನವರ ಎಡವಟ್ಟು ಎಂದು ಹತ್ತು ವರ್ಷದಿಂದ ನೀನು ನಂಬಿಕೊಂಡು ಬಂದದ್ದು, ಅಂದು ನಿಂತ ನಿಲುವಿನಲ್ಲಿ ನಾನು ಕಟ್ಟಿದ ಸುಳ್ಳು.

ಮೊದಲೇ ಹೇಳಿಬಿಡುತ್ತೇನೆ — ಕರಪತ್ರ ಹಂಚಿದ್ದಕ್ಕೆ ನನಗೆ ನಾಚಿಕೆಯಿಲ್ಲ. ಆಗಲೂ ಇರಲಿಲ್ಲ, ಈಗಲೂ ಇಲ್ಲ. ನಮ್ಮ ವಾದ್ಯಗೋಷ್ಠಿಯ ಹತ್ತಿರ ಏನಿತ್ತು ಹೇಳು? ಬಾಡಿಗೆಯ ಅಕಾರ್ಡಿಯನ್, ತೇಪೆ ಹಾಕಿದ ಡ್ರಮ್ಮು, ನಿನ್ನ ಗಂಟಲು. ಗೋಡೆಗೆ ಪೋಸ್ಟರ್ ಅಂಟಿಸಿದರೆ ಮಾರನೆಯ ದಿನ ಅದರ ಮೇಲೆ ಸಿನಿಮಾದವರದು ಕೂತಿರುತ್ತಿತ್ತು. ಆಟೋಗೆ ಮೈಕು ಕಟ್ಟಿ ಕೂಗಿದರೆ ಜನ ಕಿಟಕಿ ಹಾಕಿಕೊಳ್ಳುತ್ತಿದ್ದರು. ಆಗ ನಾನು ಕಲಿತ ಪಾಠವನ್ನು ಇವತ್ತಿಗೂ ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ — ಕಾಗದವನ್ನು ಜನರ ಕೈಗೆ ತುರುಕಬೇಡ, ಅವರು ತಾವಾಗಿ ಬಿಚ್ಚುವ ಕಡೆ ಇಡು. ಗಾಂಧಿ ಬಜಾರಿನ ಕಡಲೆಕಾಯಿಯವನಿಗೆ ಒಂದು ಕಟ್ಟು ಕೊಟ್ಟು, ಅಕ್ಷರ ಒಳಗೆ ಬರುವಂತೆ ಪೊಟ್ಟಣ ಸುತ್ತು ಎಂದೆ. ಕಡಲೆಕಾಯಿ ಮುಗಿದ ಮೇಲೆ ಪೊಟ್ಟಣ ಬಿಡಿಸಿ ಓದದೆ ಎಸೆಯುವವರು ನಮ್ಮೂರಲ್ಲಿ ಯಾರಿದ್ದಾರೆ? ಅವನಿಗೆ ಕಾಗದ ಉಳಿಯಿತು, ನನಗೆ ಹಂಚುವ ಕೂಲಿ.

ಅದಕ್ಕಿಂತ ದೊಡ್ಡದು ಮದುವೆಯ ತಾಂಬೂಲದ ಚೀಲ. ಊಟ ಮುಗಿಸಿ ಹೊರಟವರಿಗೆ ಬಾಗಿಲಲ್ಲಿ ಕೊಡುವ ಆ ಚೀಲವನ್ನು ದಾರಿಯಲ್ಲಿ ಯಾರೂ ಬಿಚ್ಚುವುದಿಲ್ಲ, ನೆಟ್ಟಗೆ ಮನೆಗೇ ಹೋಗುತ್ತದೆ. ಕಾಯಿ, ಎಲೆ, ಅಡಿಕೆ ತೆಗೆಯುವಾಗ ಸುತ್ತ ನಾಲ್ಕು ಜನ ಇರುತ್ತಾರೆ. ಬಸವನಗುಡಿಯ ಒಂದು ಛತ್ರದಲ್ಲಿ ಚೀಲ ತುಂಬುವವನಿಗೆ ಮುಂದಿನ ಸಾಲಿನ ಎರಡು ಪಾಸು ಕೊಟ್ಟು ಒಪ್ಪಿಸಿದೆ. ಮದುವೆ ಮನೆಯವರನ್ನು ಕೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆ — ಆ ಕಾಲದಲ್ಲಿ ನನ್ನ ಬುದ್ಧಿ ಇಷ್ಟೇ.

ಆದರೆ ಫೋಟೋ...

ನೀನು ಹಾಡಲು ಬಂದದ್ದು ಒಂದೇ ಕರಾರಿನ ಮೇಲೆ. ನಿನ್ನ ತಂದೆ ಚಾಮರಾಜಪೇಟೆಯಲ್ಲಿ ಶಾಲಾ ಮೇಷ್ಟ್ರು. ಮನೆಯಲ್ಲಿ ನೀನು ಹಿಂದಿ ಪರೀಕ್ಷೆಯ ಪಾಠಕ್ಕೆ ಹೋಗುವವಳು. ಮೈಕಿನಲ್ಲಿ ಮಾತ್ರ ಕುಮಾರಿ ಚಂದ್ರಿಕಾ. “ಅಣ್ಣಾ, ಒಂದ್ ದಿನ ಅಪ್ಪಂಗೆ ನಾನೇ ಹೇಳ್ತೀನಿ. ಅಲ್ಲೀವರ್ಗೂ ನನ್ನ ಮುಖ ಎಲ್ಲೂ ಬೇಡ” ಎಂದಿದ್ದೆ ನೀನು. “ಪ್ರಾಣ ಹೋದ್ರೂ ಹಾಕಲ್ಲ ಕಣಮ್ಮ” ಎಂದಿದ್ದೆ ನಾನು.

ಮಲ್ಲೇಶ್ವರದ ಹಾಲಿನಲ್ಲಿ ನಮ್ಮ ಮೊದಲ ಟಿಕೆಟ್ ಕಾರ್ಯಕ್ರಮ. ಅರ್ಧಕ್ಕರ್ಧ ಟಿಕೆಟ್ ಕೈಯಲ್ಲೇ ಉಳಿದಿತ್ತು. ಬರೀ ಅಕ್ಷರದ ಕರಪತ್ರವನ್ನು ಯಾರು ನೋಡುತ್ತಾರೆ? ಸ್ಟುಡಿಯೋಗೆ ಹೋಗಿ, ತಂಡದ ಗುಂಪು ಫೋಟೋದಿಂದ ನಿನ್ನೊಬ್ಬಳ ಮುಖ ದೊಡ್ಡದು ಮಾಡಿಸಿ, ಅಚ್ಚು ಹಾಕಲು ಬೇಕಾದ ಲೋಹದ ಬ್ಲಾಕ್ ಮಾಡಿಸಿದೆ. ಪ್ರೆಸ್ಸಿನ ಯಜಮಾನರು ಕನ್ನಡಕ ಹಣೆಗೇರಿಸಿ ಕೇಳಿಯೇ ಕೇಳಿದರು, “ಹುಡುಗಿ ಮನೇಲಿ ಒಪ್ಪಿದಾರೇನ್ರೀ?”

“ಒಪ್ಪದೆ ಏನ್ ಸಾರ್, ಅವರಪ್ಪನೇ ಮುಂದೆ ನಿಂತು ಮಾಡಿಸ್ತಿದಾರೆ” ಎಂದೆ.

ಆ ಕರಪತ್ರ ಚೀಲ ಸೇರಿದ ಬಸವನಗುಡಿಯ ಮದುವೆಗೆ ನಿನ್ನ ತಂದೆ ಹೋಗಿದ್ದರು. ಅವರ ಸಹೋದ್ಯೋಗಿಯ ಮಗಳ ಮದುವೆಯಂತೆ — ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಛತ್ರ ಬಿಟ್ಟು ಪಕ್ಕದ ಛತ್ರಕ್ಕೆ ಹೋಗುತ್ತಿದ್ದೆ, ಫೋಟೋ ಹಾಕಿಸುವುದನ್ನು ಬಿಡುತ್ತಿರಲಿಲ್ಲ. ಇದನ್ನೂ ಒಪ್ಪಿಕೊಳ್ಳುತ್ತೇನೆ.

ಮಾರನೆಯ ಮಧ್ಯಾಹ್ನ ಮತ್ತಿಕೆರೆಯ ಶೆಡ್ಡಿಗೆ, ನಮ್ಮ ಅಭ್ಯಾಸದ ಹೊತ್ತಿಗೆ, ನೀನು ಬಂದೆ. ಹಿಂದಿನ ದಿನ ಮನೆಯಲ್ಲಿ ಚೀಲ ಬಿಚ್ಚಿದ್ದು ನೀನೇ ಅಂತೆ. ತೆಂಗಿನಕಾಯಿಯ ಕೆಳಗೆ ನಿನ್ನದೇ ಮುಖ. ಬಚ್ಚಿಡುವಷ್ಟರಲ್ಲಿ ತಂದೆ ಕೈ ಚಾಚಿದರಂತೆ. ನೀನು ಹಾಡಿದ್ದನ್ನು ಒಪ್ಪಿಕೊಂಡೆ, ಫೋಟೋ ಕೊಟ್ಟವಳು ನಾನಲ್ಲ ಎಂದೆ. ಅದಕ್ಕೆ ಅವರು — “ಹಾಡ್ದೆ ಅಂದ್ಯಲ್ಲ, ಅದನ್ನ ನುಂಗ್ಕೋತೀನಿ. ಫೋಟೋ ಕೊಡ್ಲಿಲ್ಲ ಅಂತ ನನ್ನ ಮುಖ ನೋಡ್ಕೊಂಡು ಸುಳ್ಳು ಹೇಳ್ಬೇಡ.”

“ಯಾರಣ್ಣಾ ಹಾಕಿದ್ದು?” ಎಂದು ನೀನು ಕೇಳಿದೆ.

“ಪ್ರೆಸ್ಸಿನವ್ರು ಯಡವಟ್ಟು ಮಾಡ್ಬಿಟ್ರು ಕಣಮ್ಮ. ಯಾವ್ದೋ ಬ್ಲಾಕ್ ಹಾಕಕ್ಕೆ ಹೋಗಿ ನಿಂದು ಹಾಕ್ಬಿಟ್ಟಿದಾರೆ.”

ಬ್ಲಾಕ್ ಕೈತಪ್ಪಿ ಹುಟ್ಟುವುದಿಲ್ಲ, ವಿಮಲಾ. ಫೋಟೋ ಕೊಡಬೇಕು, ಅಳತೆ ಹೇಳಬೇಕು, ಮುಂಗಡ ಕೊಟ್ಟು ಎರಡು ದಿನ ಕಾಯಬೇಕು. ಅಚ್ಚಿನ ಕೆಲಸ ತಿಳಿದ ಯಾರಾದರೂ ನನ್ನ ಮುಖಕ್ಕೆ ಉಗಿಯುತ್ತಿದ್ದರು. ನಿನಗೆ ಆ ಕಸುಬು ತಿಳಿಯದು ಎಂಬುದೊಂದೇ ನನ್ನ ಬಂಡವಾಳವಾಗಿತ್ತು.

“ನಂಗೊತ್ತಿತ್ತು. ನಮ್ಮಣ್ಣ ಹಾಗ್ ಮಾಡೋರಲ್ಲ ಅಂತ ಅಪ್ಪಂಗೂ ಹೇಳ್ದೆ” ಎಂದೆ ನೀನು. ಆಗಲಾದರೂ ಬಾಯಿ ಬಿಡಬಹುದಿತ್ತು... ಬಿಡಲಿಲ್ಲ.

ಹಾಲ್ ಭರ್ತಿಯಾಯಿತು, ಹಾಡಲು ನೀನಿರಲಿಲ್ಲ. ಗಾಯಕಿಗೆ ಗಂಟಲು ಕೆಟ್ಟಿದೆ ಎಂದು ಮೈಕಿನಲ್ಲಿ ಹೇಳಿದೆ. ಅದೂ ಸುಳ್ಳು.

ಮೊನ್ನೆ ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ಸಿಕ್ಕೆಯಲ್ಲ, ಮಗಳ ಕೈ ಹಿಡಿದುಕೊಂಡು. “ನಾನು ಹೇಳ್ತಿದ್ನಲ್ಲ ಪುಟ್ಟಿ, ಆ ಮಾಮ ಇವ್ರೇ. ನಮಸ್ಕಾರ ಮಾಡು” ಎಂದೆ ನೀನು. ಈಗಲೂ ಹಾಡುತ್ತೀಯಾ ಎಂದು ನಾನು ಕೇಳಿದ್ದಕ್ಕೆ ನೀನು ನಕ್ಕೆ. “ಎಲ್ಲಿ ಹಾಡು ಅಣ್ಣಾ? ಅಪ್ಪ ಮಾತಾಡ್ತಾರೆ, ಬರ್ತಾರೆ, ಹೋಗ್ತಾರೆ. ಆದ್ರೆ ಫೋಟೋ ಮಾತ್ರ ನಾನೇ ಕೊಟ್ಟಿದ್ದು ಅಂತ ಇವತ್ತಿಗೂ ಅಂದ್ಕೊಂಡಿದಾರೆ. ನಾನು ಏನ್ ಹೇಳಿದ್ರೂ ಒಂದ್ಸಲ ಮುಖ ನೋಡ್ತಾರೆ, ನಿಜಾನಾ ಅನ್ನೋ ಹಾಗೆ.” ಆ ಮಗು ನನಗೆ ಕೈ ಮುಗಿದು ನಿಂತಿತ್ತು.

ಹೊಟ್ಟೆಪಾಡಿಗೆ ಮಾಡಿದೆ ಎನ್ನಲಾರೆ. ಹಾಲ್ ತುಂಬಬೇಕೆಂಬ ಹಟಕ್ಕೆ ಮಾಡಿದೆ. ಕ್ಷಮಿಸು ಎಂದೂ ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು. ನಿನ್ನ ತಂದೆಯ ಮುಂದೆ ನಿಂತು ಎರಡು ಮಾತು ಹೇಳಬೇಕಾಗಿದೆ. ಒಂದು, ನಿಮ್ಮ ಮಗಳು ಅಂದು ಹೇಳಿದ್ದು ನಿಜ, ಕಳ್ಳ ನಾನು. ಇನ್ನೊಂದು, ಅವಳು ಹಾಡಿದ್ದರಲ್ಲಿ ನುಂಗಿಕೊಳ್ಳುವಂಥದ್ದು ಏನೂ ಇರಲಿಲ್ಲ ಮೇಷ್ಟ್ರೇ, ಕೂತು ಕೇಳುವಂಥದ್ದಿತ್ತು. ಬೈದರೆ ಬೈಯಲಿ. ಆ ಎರಡನೆಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವನಲ್ಲ ನಾನು.

ಆದರೆ ಈ ಸಲ ನಿನ್ನನ್ನು ಕೇಳದೆ ಹೊಸಿಲು ತುಳಿಯುವುದಿಲ್ಲ. ಹೋಗು ಎಂದು ಒಂದು ಕಾರ್ಡು ಬರೆ, ಅದು ಕೈಗೆ ಬಂದ ದಿನವೇ ಹೋಗುತ್ತೇನೆ. ಬೇಡ ಎಂದರೆ ಬಾಯಿ ಮುಚ್ಚಿಕೊಂಡಿರುತ್ತೇನೆ — ಹುಟ್ಟಿದಾಗಿನಿಂದ ಒಮ್ಮೆಯೂ ಮಾಡದ ಕೆಲಸ ಅದು, ಮಾಡುತ್ತೇನೆ.