ಬೇವಿನ ನೆರಳಿಗೆ ಹರಡಿದ ಕಡಲೆ

ಇಂದು ಬೆಳಿಗ್ಗೆ ಬೆಲ್ಲದ ನೀರು ಕಾಯಿಸಿ ಆರಲು ಇಟ್ಟೆ. ಆರುತ್ತ ಬಂದಂತೆ ಮಂದವಾದ ಸಿಹಿ ವಾಸನೆ ಅಂಗಳಕ್ಕೆ ಹರಡಿತು. ಬಿತ್ತುವ ಕಡಲೆಗೆ ಔಷಧದ ಪುಡಿ ಅಂಟಲೆಂದು ಮಾಡುವ ನೀರು ಅದು. ಕಡಲೆ ಬಿತ್ತುವ ಪ್ರತಿ ಹಿಂಗಾರಿಗೂ ಮಾಡುತ್ತೇನೆ. ಮಾವಶಿ ಇಲ್ಲದ ಮೊದಲ ಬಿತ್ತನೆ ಇದು.

ನಮ್ಮೂರು ಡಾಬಕಾದಲ್ಲಿ ನಮ್ಮ ಹೊಲಕ್ಕೂ ಮಾವಶಿಯ ಹೊಲಕ್ಕೂ ನಡುವೆ ಒಂದೇ ಬದು. ಬಳಗವೇನಲ್ಲ. ಮಹಾರಾಷ್ಟ್ರದ ಗಡಿ ಹತ್ತಿರವಾದ್ದರಿಂದ ನಮ್ಮಲ್ಲಿ ಚಿಕ್ಕಮ್ಮನಿಗೆ ಮಾವಶಿ ಎನ್ನುತ್ತಾರೆ. ಸೊಸೆಯಾಗಿ ಬಂದ ದಿನದಿಂದ ನಾನು ಅವರನ್ನು ಹಾಗೇ ಕರೆದೆ.

ನಾನು ಬಂದ ಹೊಸತರಲ್ಲಿ ಸತತ ಮೂರು ಹಿಂಗಾರಿ ನಮ್ಮ ಕಡಲೆ ಸೊರಗು ರೋಗಕ್ಕೆ ಹೋಗಿತ್ತು. ಹೂ ಬಿಡುವ ಹೊತ್ತಿಗೆ ಗಿಡ ನಿಂತಲ್ಲೇ ಬಾಡುತ್ತಿತ್ತು. ಬೇಸತ್ತ ನನ್ನ ಮಾವ ಹೊಲವನ್ನು ಪಾಲಿಗೆ ಕೊಡುವ ಮಾತಾಡಿ ಬಂದರು. ಪಾಲಿಗೆ ಹೋದರೆ ನಾನು ಕಂಡವರ ಹೊಲಕ್ಕೆ ಕೂಲಿಗೆ ಹೋಗಬೇಕು. ಇನ್ನೊಂದು ವರ್ಷ ಕೊಡಿರೆಂದು ಬೇಡಿಕೊಂಡೆ. “ಇದೊಂದೇ ಸಲ ನೋಡವ್ವಾ” ಎಂದರು.

ಬದುವಿನಾಚೆ ಮಾವಶಿಯ ಕಡಲೆ ಬಾಡುತ್ತಿರಲಿಲ್ಲ. ಒಂದು ವರ್ಷ ಕಡಲೆ, ಮರುವರ್ಷ ಜೋಳ. ಬಿತ್ತುವ ಮುನ್ನ ಬೀಜಕ್ಕೆ ಸೊರಗು ತಡೆಯುವ ಟ್ರೈಕೋಡರ್ಮಾ ಪುಡಿ. ತಿಂಗಳಾದ ಮೇಲೆ ಕುಡಿ ಚಿವುಟುವುದು, ಗಿಡ ಕವಲೊಡೆಯಲೆಂದು. ಎಲ್ಲವನ್ನೂ ನನಗೆ ಹೇಳಿಕೊಟ್ಟರು. ಪೇಟೆಗೆಂದು ಔರಾದಿಗೆ ಹೋದಾಗ ನನಗೂ ಪುಡಿಯ ಪೊಟ್ಟಣ ತಂದರು.

ಬಿತ್ತುವ ದಿನ ಬೆಳಿಗ್ಗೆ ಅವರು ಹೇಳಿದಂತೆಯೇ ಬೆಲ್ಲದ ನೀರು ಚಿಮುಕಿಸಿ, ಪುಡಿ ಹಾಕಿ ಕಲೆಸಿದೆ. ಬೀಜ ಒದ್ದೆಯಾಗಿತ್ತು. ತವರಿನಲ್ಲಿ ಅವ್ವ ಯಾವ ಬೀಜವನ್ನೂ ಬಿಸಿಲು ತೋರಿಸದೆ ಬಿತ್ತಲು ಕೊಟ್ಟವಳಲ್ಲ. ಅಚ್ಚುಕಟ್ಟಾದ ಹೆಣ್ಣುಮಗಳ ಕೆಲಸ ಅದೇ ಎಂದುಕೊಂಡಿದ್ದೆ. ಮಾಳಿಗೆ ಮೇಲೆ ತಾಡಪತ್ರಿ ಹಾಸಿ ಕಡಲೆ ಹರಡಿದೆ. ಕಾಲಿಡಲಾರದಷ್ಟು ಕಾದಿತ್ತು ಮಾಳಿಗೆ.

ಮಧ್ಯಾಹ್ನ ಮಾವಶಿ ಬಂದು ಕೆಳಗಿನಿಂದಲೇ ಕೇಳಿದರು. “ಏನ್ ಮಾಡ್ಲತ್ತೀದಿ ಮ್ಯಾಲ?”

“ಬೀಜ ಒಣಗಸ್ಲತ್ತೀನ್ರಿ ಮಾವಶಿ.”

ಏಣಿ ಹತ್ತಿ ಬಂದರು. ಒಂದು ಹಿಡಿ ಕಡಲೆ ಎತ್ತಿ ಅಂಗೈಯಲ್ಲಿ ಹಿಡಿದು ನೋಡಿದರು.

“ಏ ಹುಚ್ಚಿ, ಪುಡಿಯಾಗ ಜೀವ ಇರ್ತದ. ನಿನಗ ಇಲ್ಲಿ ಮಲಗಿಸಿದ್ರ ಹ್ಯಾಂಗ ಆಗ್ತದ? ಹಪ್ಪಳ ಮಾಡೀದಿ ಅದಕ್ಕ!”

ತಪ್ಪು ನನ್ನದಲ್ಲ ಎನ್ನಲಾರೆ. ನೆರಳಲ್ಲಿ ಆರಿಸು ಎಂದು ಅವರು ಹೇಳಿರಲೂಬಹುದು... ನನಗೆ ನೆನಪಿಲ್ಲ. ಪುಡಿ ಮುಗಿದಿತ್ತು. ಔರಾದಿಗೆ ಹೋಗಿ ಬರುವುದರಲ್ಲಿ ಹೊತ್ತು ಮುಳುಗುತ್ತಿತ್ತು. ಊರಿಗಿದ್ದ ಒಂದೇ ಟ್ರ್ಯಾಕ್ಟರ್ ಕೂರಿಗೆಯ ಪಾಳಿ ಅಂದು ನಮ್ಮದು, ಆಮೇಲೆ ಮಾವಶಿಯದು. ತಪ್ಪಿದರೆ ಮತ್ತೆ ವಾರ. ಅಷ್ಟರಲ್ಲಿ ನೆಲದ ಹಸಿ ಆರಿಹೋಗುತ್ತಿತ್ತು. ನಾನು ಏಣಿಯ ಬಳಿ ಕೂತು ಅತ್ತೆ.

ಅವರು ಏಣಿ ಇಳಿದುಹೋದರು. ಸ್ವಲ್ಪ ಹೊತ್ತಿಗೆ ಅವರ ಮನೆಯ ಬೇವಿನ ನೆರಳಲ್ಲಿ ಆರಿದ್ದ ಬೀಜ ನಮ್ಮ ಅಂಗಳಕ್ಕೆ ಬಂತು. ನನ್ನ ಕಾದ ಕಡಲೆಯನ್ನು ಚೀಲಕ್ಕೆ ತುಂಬಿ ತಾವು ಹೊತ್ತರು.

“ನಿಮ್ಮ ಬಿತ್ತಿಗಿ ಹ್ಯಾಂಗ್ರಿ ಮಾವಶಿ?”

“ನಂದು ನಾ ನೋಡ್ಕೋತೇನಿ. ಕೂರಿಗಿ ಬಂತು, ಕಣ್ಣೀರು ಒರಸ್ಕೊಂಡು ನಡಿ.”

ಮರುದಿನ ಔರಾದಿಗೆ ಹೋಗಿ ಪುಡಿ ತಂದರು. ಕೂರಿಗೆ ಅವರಿಗೆ ಸಿಕ್ಕಿದ್ದು ವಾರದ ಮೇಲೆ.

ಆ ವರ್ಷ ನಮ್ಮ ಕಡಲೆ ಬದುವಿನಿಂದ ಬದುವಿಗೆ ಹಸಿರಾಗಿ ನಿಂತಿತು. ಕಾಯಿ ಕಟ್ಟಿದ ಮೇಲೆ ನನ್ನ ಮಾವ ಹೊಲದ ತುದಿಯವರೆಗೂ ನಡೆದುಹೋಗಿ ತಿರುಗಿ ಬಂದರು. ಒಂದು ಗಿಡ ಕಿತ್ತು ಬೇರು ನೋಡಿದರು. “ಪಾಲಿನವಂಗ ಬರಬ್ಯಾಡ ಅಂತ ಹೇಳಿ ಬರ್ತೇನಿ” ಎಂದರು. ಇಂದಿಗೂ ಆ ಹೊಲ ನಮ್ಮ ಕೈಯಲ್ಲೇ ಇದೆ. ನಾನು ಕೂಲಿಗೆ ಹೋಗಲಿಲ್ಲ.

ಕಡಲೆ ಮಾರಲು ಎರಡೂ ಮನೆಯವರು ಒಂದೇ ಟೆಂಪೊದಲ್ಲಿ ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಗೆ ಹೋದೆವು. ಹಮಾಲರು ಚೀಲ ಇಳಿಸಿ ಬೇರೆ ಬೇರೆ ಒಟ್ಟಿದರು. ಮಾವಶಿಯ ಹೊಲ ನಮ್ಮದಕ್ಕಿಂತ ದೊಡ್ಡದು. ಆದರೂ ಅವರ ಚೀಲಗಳ ರಾಶಿ ನಮ್ಮದಕ್ಕಿಂತ ಗಿಡ್ಡಗಿತ್ತು. ಅವರು ಕಳೆದುಕೊಂಡ ಆ ಒಂದು ವಾರದ ಬೆಲೆ ಆಗ ನನಗೆ ತಿಳಿಯಿತು... ಅಲ್ಲಿಯವರೆಗೆ ತಿಳಿದಿರಲಿಲ್ಲ ಎಂಬುದೇ ನಾಚಿಕೆ. ನಾನು ನೋಡುತ್ತಿರುವುದನ್ನು ಅವರು ನೋಡಿದರು.

“ನಿನ್ನ ಚೀಲ ನೋಡ್ಕೋ. ನನ್ನವಕ್ಕ ಯಾಕ ಕಣ್ಣು ಹಾಕ್ತಿ?” ಎಂದು ನಕ್ಕರು. ಮತ್ತೆಂದೂ ಆ ಮಾತು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ತೆಗೆಯಬೇಕಿತ್ತು.

ಕಳೆದ ಬೇಸಿಗೆಯಲ್ಲಿ ಅವರು ಹೋದರು. ಇಂದು ಕೂರಿಗೆಯ ಪಾಳಿ ಮೊದಲು ನಮ್ಮದಿತ್ತು. ಬದುವಿನಾಚೆ ಅವರ ಸೊಸೆ ಒಬ್ಬಳೇ ಬೀಜದ ಬುಟ್ಟಿ ಹಿಡಿದು ನಿಂತಿದ್ದಳು. ಟ್ರ್ಯಾಕ್ಟರಿನವನಿಗೆ ಆ ಕಡೆ ಕೈ ತೋರಿಸಿದೆ. “ಯಾಕ್ರಿ, ಪಾಳಿ ನಿಮ್ದಲ್ಲೇನ್ರಿ?” ಎಂದ. ಮೊದಲು ಅಲ್ಲಿ ಬಿತ್ತಿ ಬಾ ಎಂದೆ.

ಕೂರಿಗೆ ಇನ್ನೂ ಮಾವಶಿಯ ಹೊಲದಲ್ಲೇ ಇದೆ. ನಮ್ಮ ಕಡಲೆ ಬೇವಿನ ನೆರಳಿನಲ್ಲಿ ಆರುತ್ತಿದೆ.