ಗೌರತ್ತೆ ನೋಡಿದ ಕೊನೆಯ ರೀಲು

ಬಿಸಿಲಿಗೆ ಕಾದ ಟಾರ್ಪಾಲಿನ ವಾಸನೆ ಮೂಗಿಗೆ ಬಿದ್ದರೆ ಸಾಕು, ನನಗೆ ಹೆಬ್ಬಗೋಡಿಯ ಸಂಜೆಗಳು ನೆನಪಾಗುತ್ತವೆ. ಮೊನ್ನೆ ಹೊಸೂರು ರಸ್ತೆಯ ಸಿಗ್ನಲಿನಲ್ಲಿ ನಾನು ಕೂತಿದ್ದ ಆಟೋದ ಪಕ್ಕಕ್ಕೆ ಒಂದು ಲಾರಿ ಬಂದು ನಿಂತಿತು. ಅದರ ಮೇಲೆ ಹೊದಿಸಿದ್ದ ಟಾರ್ಪಾಲಿನಿಂದ ಮೇಣ, ಧೂಳು, ಹಳೇ ಮಳೆ ಎಲ್ಲ ಬೆರೆತ ಆ ಬಿಸಿ ವಾಸನೆ ಬಂತು. ಸಿಗ್ನಲ್ ಬಿಟ್ಟಿತು, ಲಾರಿ ಹೋಯಿತು, ಆದರೆ ನಾನು ಮಾತ್ರ ಅಲ್ಲೇ ಉಳಿದೆ. ಈಗ ಫ್ಲೈಓವರಿನ ಕಂಬಗಳು ನಿಂತಿರುವ ಕಡೆ ಆಗ ರಾಗಿ ಹೊಲಗಳಿದ್ದವು. ಹೊಲ ಮುಗಿದು ಊರು ಶುರುವಾಗುವಲ್ಲಿ, ಒಂದು ದೊಡ್ಡ ಹುಣಸೆಮರದ ಪಕ್ಕಕ್ಕೆ, ಸಿನಿಮಾ ಟೆಂಟು ಇತ್ತು. ಸಂಜೆಯಾಗುತ್ತಲೇ ಮರಕ್ಕೆ ಕಟ್ಟಿದ ಸ್ಪೀಕರಿನಲ್ಲಿ ದೇವರ ಹಾಡು ಹಾಕುತ್ತಿದ್ದರು. ಆ ಹಾಡು ಕೇಳಿದರೆ ಟಿಕೆಟು ಕೊಡಲು ಶುರು ಮಾಡಿದ್ದಾರೆಂದು ಅರ್ಥ. ಆಮೇಲೆ ನಮ್ಮ ಮನೆಯಲ್ಲಿ ಗೌರತ್ತೆಯ ಕೈ ಎರಡರಷ್ಟು ಬೇಗ ಓಡುತ್ತಿತ್ತು. ಹಸುವಿಗೆ ಹುಲ್ಲು ಹಾಕಿ, ಮುದ್ದೆ ಕಟ್ಟಿ ತಾತನಿಗೆ ಬಡಿಸಿ, ಮುಖ ತೊಳೆದು, ನನ್ನ ಕೈ ಹಿಡಿದು ಹೊರಟೇಬಿಡುತ್ತಿದ್ದಳು.

ಗೌರತ್ತೆ ನನ್ನ ಅಪ್ಪನ ತಂಗಿ. ಅತ್ತಿಬೆಲೆಯಾಚೆಯ ಒಂದು ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರು. ಎರಡು ವರ್ಷ ಬಾಳಿ, ಒಂದು ಯುಗಾದಿಗೆ ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. ಅವಳು ಜಗಳವಾಡಿ ಬಂದದ್ದೂ ಅಲ್ಲ, ಅವರು ಹೊರಗೆ ಹಾಕಿದ್ದೂ ಅಲ್ಲ. 'ಹಬ್ಬ ಮುಗೀಲಿ, ನಾನೇ ಬಂದು ಕರ್ಕೊಂಡೋಯ್ತೀನಿ' ಎಂದಿದ್ದ ಗಂಡ ಬರಲಿಲ್ಲ. ಆಮೇಲೆ ಅವನು ಇನ್ನೊಬ್ಬಳನ್ನು ಕಟ್ಟಿಕೊಂಡನೆಂಬ ಸುದ್ದಿ ಬಂತು. ಆ ಸುದ್ದಿ ಬಂದ ದಿನವೂ ಅತ್ತೆ ಹಾಲು ಕರೆದಳು, ಕೊಟ್ಟಿಗೆ ಗುಡಿಸಿದಳು. ಅವಳ ಕಾಲಲ್ಲಿ ಕಾಲುಂಗುರ ಹಾಗೇ ಇದ್ದವು. ಮನೆಗೆ ಬಂದವರು ಅದನ್ನು ನೋಡಿ ಏನೋ ಕೇಳಲು ಬಾಯಿ ತೆರೆದು, ತಾತನ ಮುಖ ನೋಡಿ ಸುಮ್ಮನಾಗುತ್ತಿದ್ದರು. ತಾತ ಊರಿಗೆ ದೊಡ್ಡವನು, ಮಾತು ಕಡಿಮೆ. ಮಗಳ ವಿಷಯದಲ್ಲಿ ಅದೂ ಇರಲಿಲ್ಲ. ಅವಳಿಗೆ ಅವನು ಒಪ್ಪಿಗೆ ಕೊಟ್ಟಿದ್ದದ್ದು ಒಂದಕ್ಕೇ, ಸಿನಿಮಾಕ್ಕೆ. ಅದಕ್ಕೂ ಒಂದು ಕಟ್ಟಳೆ ಇತ್ತು. ಆಟ ಮುಗಿದು ಗಂಡಸರೆಲ್ಲ ಒಟ್ಟಿಗೆ ಏಳುವ ನೂಕುನುಗ್ಗಲಿನಲ್ಲಿ ನಮ್ಮ ಮನೆಯ ಹೆಂಗಸರು ಬರಕೂಡದು, ಅದಕ್ಕೆ ಮೊದಲೇ ಎದ್ದು ಬಂದುಬಿಡಬೇಕು. ತಾತ ಬ್ಯಾಟರಿ ಹಿಡಿದು ಹುಣಸೆಮರದ ಕೆಳಗೆ ಬಂದು ನಿಲ್ಲುತ್ತಿದ್ದ. ಟೆಂಟಿನ ಬಟ್ಟೆಯ ಮೇಲೆ ಆ ಬೆಳಕು ಒಂದು ಸಲ ಹಾಯ್ದರೆ ನಾವು ಏಳಬೇಕು.

ಹೀಗಾಗಿ ಗೌರತ್ತೆ ಅಷ್ಟು ವರ್ಷ ನೋಡಿದ ಯಾವ ಸಿನಿಮಾದ ಕೊನೆಯನ್ನೂ ನೋಡಿರಲಿಲ್ಲ. ಪರದೆಯ ಮೇಲೆ ಹೊಡೆದಾಟ ಜೋರಾಗಿರುವಾಗಲೋ, ತಾಯಿಯ ಮುಂದೆ ಕಳೆದುಹೋದ ಮಗ ಬಂದು ನಿಂತಾಗಲೋ, ಬಟ್ಟೆಯ ಮೇಲೆ ತಾತನ ಬೆಳಕು ಹಾಯುತ್ತಿತ್ತು. ಅವಳು ಸೀರೆಗೆ ಅಂಟಿದ ಮರಳು ಕೊಡವಿಕೊಂಡು ಏಳುತ್ತಿದ್ದಳು. ಬಾಗಿಲಿನ ತನಕ ಹಿಂದಕ್ಕೆ ತಿರುಗಿ ನೋಡುತ್ತಲೇ ನಡೆಯುತ್ತಿದ್ದಳು. ಮಾರನೆಯ ದಿನ ನಾನು ರಾಗಿ ಕೇರುವಲ್ಲಿ ಅವಳ ಪಕ್ಕ ಕೂತು, 'ಆಮೇಲೆ ಏನಾಯ್ತತ್ತೆ?' ಎಂದು ಕೇಳಿದರೆ ಅವಳೇ ಒಂದು ಕೊನೆ ಕಟ್ಟಿ ಹೇಳುತ್ತಿದ್ದಳು. ಅವಳ ಕಥೆಗಳಲ್ಲಿ ಯಾರೂ ಸಾಯುತ್ತಿರಲಿಲ್ಲ. ಜೈಲಿಗೆ ಹೋದವನು ಬರುವಷ್ಟರಲ್ಲಿ ಹೆಂಡತಿ ಎರಡು ಹಸು ಕಟ್ಟಿ, ಮನೆಗೆ ಹೆಂಚು ಹೊದಿಸಿರುತ್ತಿದ್ದಳು. ಒಂದು ಸಲ ಶಾಲೆಯಲ್ಲಿ ಗೆಳತಿಯೊಬ್ಬಳು ನಿಜವಾದ ಕೊನೆ ಹೇಳಿದಳು, ಹೀರೋಯಿನ್ನು ಹೀರೋನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಡುತ್ತಾಳಂತೆ. ಓಡಿ ಬಂದು ಅತ್ತೆಗೆ ಹೇಳಿದೆ. ಅವಳು ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು. "ಸುಳ್ಳು ಕಣೇ. ಅಂಗೆಲ್ಲ ಸಾಯಕ್ಕಾಯ್ತದಾ? ಬೆಳಗೆದ್ದು ಅಸ ಯಾರು ಕರೀತಾರೆ?" ಎಂದಳು.

ಊರಿನ ಸುತ್ತ ಆಗ ಕಾರ್ಖಾನೆಗಳು ಏಳುತ್ತಿದ್ದವು. ಬೊಮ್ಮಸಂದ್ರದ ಕಡೆ ಹೊಲಗಳಿಗೆ ಬೇಲಿ ಬಿದ್ದಿತ್ತು. ಟೆಂಟಿದ್ದ ಜಾಗವೂ ಮಾರಾಟವಾಯಿತು. ಒಂದು ಬೆಳಗ್ಗೆ ಆಟೋಗೆ ಸ್ಪೀಕರು ಕಟ್ಟಿಕೊಂಡು ಬಂದವರು, 'ನಿಮ್ಮ ಟೆಂಟಿನಲ್ಲಿ ಇಂದೇ ಕೊನೆಯ ದಿನ' ಎಂದು ಬೀದಿ ಬೀದಿಯಲ್ಲಿ ಕೂಗಿಕೊಂಡು ಹೋದರು. ಅತ್ತೆ ಬಾಗಿಲು ಸಾರಿಸುತ್ತಿದ್ದವಳು ಕೈ ನಿಲ್ಲಿಸಿ ಕೇಳಿಸಿಕೊಂಡಳು. ತಾತ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ.

"ಅಪ್ಪ, ಇವತ್ತು ಪೂರ್ತಿ ನೋಡ್ಕೊಂಡೇ ಬತ್ತೀನಿ," ಎಂದಳು.

ತಾತ ತಲೆಯೆತ್ತಲಿಲ್ಲ. "ಅಂಗಾದ್ರೆ ಓಗೋದೇ ಬ್ಯಾಡ."

"ಓಯ್ತೀನಿ," ಎಂದಳು ಅತ್ತೆ. ದನಿ ಏರಿಸಲಿಲ್ಲ. ಸಗಣಿ ನೀರಿನ ಬಕೀಟು ಎತ್ತಿಕೊಂಡು ಒಳಗೆ ಹೋದಳು. ಆ ಮನೆಯಲ್ಲಿ ತಾತನ ಮಾತಿಗೆ ಮರುಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ಸಂಜೆ ನಾವು ಎಲ್ಲರಿಗಿಂತ ಮುಂಚೆ ಹೋಗಿ ಪರದೆಯ ಹತ್ತಿರ ಮರಳು ಗುಪ್ಪೆ ಮಾಡಿಕೊಂಡು ಕೂತೆವು. ಸಿನಿಮಾದಲ್ಲಿ ಗಂಡನೊಬ್ಬ ಹೆಂಡತಿಯ ಮೇಲೆ ಇಲ್ಲದ ಅನುಮಾನ ಪಟ್ಟು ಅವಳನ್ನು ಮನೆಯಿಂದ ಹೊರಗೆ ಹಾಕುತ್ತಾನೆ. ಅವಳು ಊರೂರು ಅಲೆದು, ಪಡಬಾರದ ಪಾಡು ಪಟ್ಟು, ಕೊನೆಗೆ ಅದೇ ಮನೆಯ ಮುಂದೆ ಮಳೆಯಲ್ಲಿ ಬಂದು ನಿಲ್ಲುತ್ತಾಳೆ. ಬಾಗಿಲು ಮುಚ್ಚಿದೆ. ಅವಳು ಬಾಗಿಲು ತಟ್ಟಲು ಕೈಯೆತ್ತಿದಳು. ಅಲ್ಲಿಗೆ ಪರದೆ ಬೆಳ್ಳಗಾಯಿತು.

ಟೆಂಟಿನಲ್ಲಿ ಶಿಳ್ಳೆ, ಕೂಗಾಟ ಎದ್ದಿತು. ಆಪರೇಟರು ಹೊರಗೆ ಬಂದು ಕೈ ಮುಗಿದ. ಒಂದೇ ಪ್ರಿಂಟನ್ನು ನಮ್ಮ ಟೆಂಟೂ ಚಂದಾಪುರದ ಟೆಂಟೂ ಹಂಚಿಕೊಂಡು ಓಡಿಸುತ್ತಿದ್ದವು. ಅಲ್ಲಿ ತೋರಿಸಿ ಮುಗಿದ ರೀಲುಗಳನ್ನು ಬಶೀರಣ್ಣ ಎಂಬಾತ ಸೈಕಲ್ಲಿನಲ್ಲಿ ತಂದು ಕೊಡುತ್ತಿದ್ದ. ಕೊನೆಯ ರೀಲು ತರಲು ಹೋದವನು ಇನ್ನೂ ಬಂದಿರಲಿಲ್ಲ. ಜನ ಸ್ವಲ್ಪ ಹೊತ್ತು ಕಾದರು, ಬೀಡಿ ಹಚ್ಚಿದರು. ಕಾರ್ಖಾನೆಯ ಎರಡನೇ ಪಾಳಿಗೆ ಹೋದ ಗಂಡುಮಕ್ಕಳಿಗೆ ಊಟ ಇಡಬೇಕೆಂದು ಕೆಲವು ಹೆಂಗಸರು ಎದ್ದರು. "ಏನಿರ್ತದೆ ಕೊನೇಲಿ, ಎಲ್ಲಾ ಸರಿಯೋಯ್ತದೆ," ಎಂದು ನಗುತ್ತ ಹೋದರು. ಅಷ್ಟರಲ್ಲಿ ಟೆಂಟಿನ ಬಟ್ಟೆಯ ಮೇಲೆ ಬ್ಯಾಟರಿ ಬೆಳಕು ಹಾಯಿತು. ಅತ್ತೆ ಅಲುಗಲಿಲ್ಲ. ಮತ್ತೆ ಹಾಯಿತು. ನಾನು ಅವಳ ಸೆರಗು ಜಗ್ಗಿದೆ. "ಸುಮ್ಕೆ ಕೂತ್ಕೊ," ಎಂದಳು.

ಆಮೇಲೆ ತಾತನೇ ಒಳಗೆ ಬಂದ. ಅವನು ಆ ಟೆಂಟಿನೊಳಗೆ ಕಾಲಿಟ್ಟದ್ದನ್ನು ಯಾರೂ ನೋಡಿರಲಿಲ್ಲ. ಬೀಡಿಗಳು ಪಟಪಟನೆ ಮರಳಿಗೆ ಬಿದ್ದವು. ಅವನು ಹೆಂಗಸರ ಕಡೆಯ ಅಡ್ಡಗೋಡೆಯ ಹತ್ತಿರ ನಿಂತು, "ಏಳವ್ವ, ಮನೇಗೋಗಣ," ಎಂದ. ಅತ್ತೆ ಕೂತಲ್ಲಿಂದಲೇ ಅವನನ್ನು ನೋಡಿದಳು. "ಮುಗೀಲಿ ಅಪ್ಪ. ಒಂದ್ಸಲ ಮುಗಿಯೋದು ನೋಡ್ಬೇಕು ನಾನು," ಎಂದಳು. ತಾತ ಬ್ಯಾಟರಿ ಆರಿಸಿ, ಗಂಡಸರ ಕಡೆ ಹೋಗಿ, ಟವೆಲ್ಲು ಹಾಸಿಕೊಂಡು ನೆಲದ ಮೇಲೆ ಕೂತುಬಿಟ್ಟ.

ಬಶೀರಣ್ಣ ಬಂದಾಗ ಬೆವರಿನಲ್ಲಿ ತೊಯ್ದುಹೋಗಿದ್ದ. ಸೈಕಲ್ಲು ದಾರಿಯಲ್ಲಿ ಪಂಕ್ಚರಾಗಿ, ರೀಲಿನ ಡಬ್ಬವನ್ನು ತಲೆಯ ಮೇಲೆ ಹೊತ್ತುಕೊಂಡು ನಡೆದೇ ಬಂದಿದ್ದ. "ನಾಳೆಯಿಂದ ಈ ಟೆಂಟೇ ಇರಲ್ಲ, ಅರ್ಧ ತೋರಿಸಿ ಹೆಂಗೆ ಕಳಿಸೋದು?" ಎಂದು ಏದುಸಿರು ಬಿಡುತ್ತ ಡಬ್ಬ ಕೊಟ್ಟ. ಉಳಿದಿದ್ದ ಕೆಲವೇ ಜನ ಚಪ್ಪಾಳೆ ತಟ್ಟಿದರು. ಪರದೆಯ ಮೇಲೆ ಬಾಗಿಲು ತೆರೆಯಿತು. ಗಂಡ ಹೊಸ್ತಿಲ ಮೇಲೆ ನಿಂತಿದ್ದ. ಅವನಿಗೆ ಹೇಗೋ ನಿಜ ಗೊತ್ತಾಗಿತ್ತು. ಅವಳು ಅವನ ಕಾಲಿಗೆ ಬಿದ್ದಳು, ಅವನು ಎತ್ತಿ ಒಳಗೆ ಕರೆದುಕೊಂಡು ಹೋದ, ಮನೆಯವರೆಲ್ಲ ಸಾಲಾಗಿ ನಿಂತು ನಕ್ಕರು. ಶುಭಂ ಎಂಬ ದೊಡ್ಡ ಅಕ್ಷರ ಬಂತು.

ಮನೆಯ ಕಡೆ ನಡೆಯುವಾಗ ತಾತ ಮುಂದೆ, ನಾವಿಬ್ಬರು ಹಿಂದೆ. ಅತ್ತೆ ನೆಲ ನೋಡಿಕೊಂಡು ನಡೆಯುತ್ತಿದ್ದಳು. ಅಷ್ಟು ಆಸೆಪಟ್ಟು ನೋಡಿದವಳು ಖುಷಿಯಾಗಿರಬೇಕಿತ್ತಲ್ಲ ಎಂದು ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಬಾವಿ ದಾಟಿದ ಮೇಲೆ ಕೇಳಿದಳು, "ಅಪ್ಪ, ಅವಳು ಯಾಕೆ ಒಳಗೋದ್ಲು?"

ತಾತ ತಿರುಗಲಿಲ್ಲ. ಇನ್ನಷ್ಟು ದೂರ ನಡೆದ. "ಓಗಬಾರ್ದಿತ್ತು ಕಣವ್ವ," ಎಂದ.

ಮುಂದಿನ ಭಾನುವಾರ ಅತ್ತೆ ನನ್ನನ್ನು ಕರೆದುಕೊಂಡು ಅತ್ತಿಬೆಲೆ ಬಸ್ಸು ಹತ್ತಿದಳು. ಎಲ್ಲಿಗೆಂದು ತಾತ ಕೇಳಲಿಲ್ಲ, ನನ್ನ ಅಪ್ಪ ಜೊತೆಗೆ ಬರುತ್ತೇನೆಂದಾಗ ಬೇಡವೆಂದಳು. ಬಸ್ಸಿಳಿದು ತೋಟಗಳ ನಡುವೆ ನಡೆದು ಒಂದು ಅಂಗಳಕ್ಕೆ ಹೋದೆವು. ಅವಳ ಗಂಡ ಎತ್ತಿನ ಮೈ ತೊಳೆಯುತ್ತಿದ್ದ. ನಾನು ಕಥೆಗಳಿಂದ ಊಹಿಸಿಕೊಂಡಿದ್ದಂಥ ಕೆಟ್ಟ ಮುಖದವನೇನೂ ಅಲ್ಲ, ಸಾಧಾರಣ, ತಲೆ ತಗ್ಗಿಸಿದ ಮನುಷ್ಯ. ಒಳಗಿಂದ ಕಂಕುಳಲ್ಲಿ ಮಗುವಿಟ್ಟುಕೊಂಡು ಒಬ್ಬಳು ಬಂದಳು. ಯಾರೆಂದು ತಿಳಿಯುತ್ತಲೇ ಅವಳ ಮುಖದ ಬಣ್ಣ ಇಳಿದುಹೋಯಿತು. "ಒಳೀಕ್ ಬನ್ನಿ ಅಕ್ಕ," ಎಂದಳು, ದನಿಯೇ ಇಲ್ಲದ ದನಿಯಲ್ಲಿ.

"ಬ್ಯಾಡ ಕಣವ್ವ. ನಿನ್ ಮೇಲೆ ನಂಗೇನೂ ಇಲ್ಲ," ಎಂದಳು ಅತ್ತೆ. ಅಂಗಳದ ಕಲ್ಲಿನ ಮೇಲೆ ಕೂತು ಕಾಲುಂಗುರಗಳನ್ನು ತೆಗೆಯತೊಡಗಿದಳು. ಅವು ಬೆರಳಿಗೆ ಕಚ್ಚಿಕೊಂಡುಬಿಟ್ಟಿದ್ದವು. ಅವಳು ತಿರುವಿದಳು, ಎಳೆದಳು, ಬೆರಳು ಕೆಂಪಾಯಿತು. ಗಂಡ, "ಗೌರಿ, ಬಿಡು, ಯಾಕಿದೆಲ್ಲ," ಎಂದ. ಅವಳು ಬಿಡಲಿಲ್ಲ. ಆಗ ಆ ಹೆಂಗಸು ಮಗುವನ್ನು ನೆಲಕ್ಕಿಳಿಸಿ, ಒಳಗೆ ಹೋಗಿ, ಬಟ್ಟಲಲ್ಲಿ ಒಂದಿಷ್ಟು ಹರಳೆಣ್ಣೆ ತಂದು ಅತ್ತೆಯ ಕಾಲ ಹತ್ತಿರ ಕೂತಳು. ಬೆರಳಿಗೆ ಎಣ್ಣೆ ಸವರಿದಳು. ಕಾಲುಂಗುರ ಜಾರಿ ಬಂದವು. ಅತ್ತೆ ಅವನ್ನು ಸೆರಗಿನಲ್ಲಿ ಒರೆಸಿ ಗಂಡನ ಕೈಗಿಟ್ಟಳು.

"ಬತ್ತೀನಿ ಅಂದಿದ್ದೆ ನೀನು. ಕಾದೆ. ಇನ್ನು ಕಾಯಲ್ಲ, ಅದನ್ನ ಏಳಿ ಓಗಣ ಅಂತ ಬಂದೆ," ಎಂದಳು. ಅಷ್ಟೇ. ವಾಪಸು ಬರುವಾಗ ತೋಟಗಳ ನಡುವಿನ ದಾರಿಯಲ್ಲಿ ಅವಳು ಅತ್ತಳು. ನಿಂತುಕೊಂಡು, ಮುಖ ಮುಚ್ಚಿಕೊಳ್ಳದೆ, ಜೋರಾಗಿ ಅತ್ತಳು. ಆಮೇಲೆ ಪಂಪಿನ ನೀರಲ್ಲಿ ಮುಖ ತೊಳೆದು, ನನಗೆ ಬಸ್‌ಸ್ಟ್ಯಾಂಡಿನಲ್ಲಿ ಬೋಂಡ ಕೊಡಿಸಿ, ತಾನೂ ತಿಂದಳು.

ಆ ವರ್ಷವೇ ಅವಳು ಬೊಮ್ಮಸಂದ್ರದಲ್ಲಿ ಹೊಸದಾಗಿ ಶುರುವಾಗಿದ್ದ ಮಾತ್ರೆ ಕಾರ್ಖಾನೆಯೊಂದಕ್ಕೆ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ನಮ್ಮ ಬೀದಿಯಿಂದ ಕಾರ್ಖಾನೆಗೆ ಹೋದ ಮೊದಲ ಹೆಂಗಸು ಅವಳು. ಜನ ಆಡಿಕೊಂಡರು. ಜಗಲಿಗೆ ಬಂದು ತಾತನ ಕಿವಿಗೇ ಹಾಕಿದರು. "ನನ್ ಮಗಳು ದುಡೀತಾಳೆ, ಕದಿಯಕ್ಕೋಗಿಲ್ಲ," ಎಂದ ತಾತ. ಅತ್ತೆ ಪಾಳಿ ಮುಗಿಸಿ ಬಸ್ಸಿಳಿಯುವ ಹೊತ್ತಿಗೆ ಅವನು ರಸ್ತೆಯ ಬದಿಗೆ ಹೋಗಿ ನಿಂತಿರುತ್ತಿದ್ದ. ಬರಬೇಡವೆಂದರೂ ಕೇಳುತ್ತಿರಲಿಲ್ಲ. ಆಮೇಲೆ ಕೆಲಸಕ್ಕೆ ಸೇರಿದ ಬೇರೆ ಮನೆಗಳ ಹುಡುಗಿಯರೂ ಬಸ್ಸಿಳಿದು ಅವನ ಹಿಂದೆ ಮಾತಾಡಿಕೊಂಡು ಊರೊಳಗೆ ಬರುತ್ತಿದ್ದರು. ಕಾಲಕ್ರಮದಲ್ಲಿ ಆ ಗುಂಪು ದೊಡ್ಡದಾಯಿತು, ತಾತನ ನಡಿಗೆ ನಿಧಾನವಾಯಿತು, ಹುಡುಗಿಯರೂ ನಿಧಾನವಾಗಿ ನಡೆಯುವುದನ್ನು ಕಲಿತರು. ಒಂದು ಮಾಗಿಯಲ್ಲಿ ತಾತ ಹೋದ. ನಮ್ಮ ಓದಿಗೆ, ನನ್ನ ಮದುವೆಗೆ ಮುಂದೆ ನಿಂತವಳು ಗೌರತ್ತೆಯೇ. ಮತ್ತೆ ಮದುವೆಯಾಗೆಂದು ಕೇಳಿದವರಿದ್ದರು. ಅವಳು ನಕ್ಕುಬಿಡುತ್ತಿದ್ದಳು.

ಈಗ ಹುಣಸೆಮರವಿಲ್ಲ, ಬಾವಿಯಿಲ್ಲ, ಜಗಲಿಯಿಲ್ಲ. ನಮ್ಮ ಮನೆಯಿದ್ದಲ್ಲಿ ಅಪ್ಪ ಕಟ್ಟಿಸಿದ ಬಾಡಿಗೆ ರೂಮುಗಳ ಸಾಲಿದೆ. ಅಲ್ಲಿ ಯಾವ ಯಾವುದೋ ಊರಿನ ಮಕ್ಕಳು ಪಾಳಿಯ ನಡುವೆ ಬಂದು ನಿದ್ದೆ ಮಾಡಿ ಹೋಗುತ್ತಾರೆ. ಅದರದೇ ಒಂದು ರೂಮಿನಲ್ಲಿ ಅತ್ತೆ ಕೊನೆಯವರೆಗೂ ಇದ್ದಳು. ಶಾಲೆಯಲ್ಲಿ ನಮಗೆ ದೊಡ್ಡ ದೊಡ್ಡ ರಾಜರ, ವೀರರ ಕೊನೆಯ ಮಾತುಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಅವರು ಪ್ರಾಣ ಹೋಗುವಾಗಲೂ ದೇಶದ ಬಗ್ಗೆ, ಧರ್ಮದ ಬಗ್ಗೆ ಅಷ್ಟು ಚೆನ್ನಾಗಿ ಹೇಗೆ ಮಾತಾಡಿದರೋ ನನಗೆ ಗೊತ್ತಿಲ್ಲ. ಗೌರತ್ತೆಯ ಕೊನೆಯ ಮಾತು ಕೇಳಿಸಿಕೊಂಡವಳು ನಾನೊಬ್ಬಳೇ. ಒಂದು ಬೆಳಗ್ಗೆ ಅವಳನ್ನು ನೋಡಲು ಹೋಗಿದ್ದೆ. ಗೋಡೆಗೊರಗಿ ಕೂತು ನನ್ನ ಮಗಳ ವಿಷಯ ಕೇಳುತ್ತಿದ್ದವಳು ಮಾತಿನ ನಡುವೆ, "ಆಲು ಉಕ್ತದೆ, ನೋಡೋಗೆ," ಎಂದಳು. ನಾನು ಎದ್ದು ಹೋಗಿ ಒಲೆ ಆರಿಸಿ ಬಂದೆ. ಅಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು.

ಜನ ಸೇರಿದ ಮೇಲೆ ಯಾರೋ ಹಿರಿಯರು, ಸಾವಿನ ಮನೆಯ ಹಾಲು, ಚೆಲ್ಲಿಬಿಡು ಎಂದರು. ನಾನು ಚೆಲ್ಲಲಿಲ್ಲ. ಹೆಪ್ಪು ಹಾಕಿದೆ. ಮಾರನೆಯ ದಿನ ಅವಳನ್ನು ಮಣ್ಣು ಮಾಡಿ ಬಿಸಿಲಿನಲ್ಲಿ ವಾಪಸು ಬಂದವರಿಗೆಲ್ಲ, ಅವಳ ಜೊತೆ ಕೆಲಸ ಮಾಡಿದ ಹೆಂಗಸರಿಗೆಲ್ಲ, ನೀರು ಬೆರೆಸಿ, ಉಪ್ಪು ಹಾಕಿ, ಲೋಟಕ್ಕೆ ಒಂದೊಂದು ಗುಟುಕಾದರೂ ಬರುವಂತೆ ಮಜ್ಜಿಗೆ ಮಾಡಿ ಕೊಟ್ಟೆ.