ಅತ್ತೆಯ ಬುದ್ಧಿಮುಟ್ಟು

ಕಾಫಿ ಬೆಳೆಯುವವನ ಮನೆಯಲ್ಲಿ ಕಾಫಿ ಇಲ್ಲ ಎಂದರೆ ನಗುತ್ತೀರಿ. ನಗಿ. ಅಂಗಳದ ತುಂಬ ಕಾಫಿ ಒಣಗುತ್ತಿತ್ತು, ನಾನು ಮಾತ್ರ ಬೆಳಗ್ಗೆ ಎದ್ದು ಜೀರಿಗೆ ನೀರು ಕುಡಿಯುತ್ತಿದ್ದೆ. ಎಲ್ಲಕ್ಕೂ ಕಾರಣ ನನ್ನ ಅತ್ತೆ, ಹೆಂಡತಿ ಸುಶೀಲಳ ತಾಯಿ, ವಿಮಲಮ್ಮ.

ಸಾಲಿಗ್ರಾಮದವರು. ಮಗಳ ಜೊತೆ ಇರಲೆಂದು ವಯನಾಡಿಗೆ ಬಂದು ವರ್ಷವಾಗಿತ್ತಷ್ಟೆ. ಹಳೇ ಕಾಲದ ಜೈನರು. ಇರುವೆ ಕಂಡರೆ ಕಾಲು ಸರಿಸಿ ನಡೆಯುವವರು, ಹೊತ್ತು ಮುಳುಗಿದ ಮೇಲೆ ಊಟ ಮುಟ್ಟದವರು. ಮಲಯಾಳಂ ಅಕ್ಷರಗಳನ್ನು ಬಸ್ಸಿನ ಬೋರ್ಡು ನೋಡಿ ಕಲಿತಿದ್ದರು. ಓದಿದ್ದಕ್ಕೆಲ್ಲ ಕನ್ನಡದ ಅರ್ಥವನ್ನೇ ಹಚ್ಚುತ್ತಿದ್ದರು.

ಓಣಂಗೆ ಟಿ.ವಿ. ಕೊಂಡಾಗ ಅಂಗಡಿಯವರು ಒಂದು ವಿಡಿಯೋ ಗೇಮ್ ಪುಕ್ಕಟೆ ಕೊಟ್ಟರು. ಪಾಳುಕೋಟೆಯೊಳಗೆ ಒಬ್ಬ ಪುಟ್ಟ ಆಳು, ಕೈಯಲ್ಲಿ ಕತ್ತಿ. ಕೋಣೆ ಕೋಣೆ ಹುಡುಕುತ್ತ, ಬಾವಲಿ, ಹಾವುಗಳನ್ನು ದಾಟಿ, ಕೋಟೆಯ ತುದಿಯಲ್ಲಿ ದೀಪ ಹಚ್ಚಬೇಕು. ನಾವ್ಯಾರೂ ಅದನ್ನು ಮುಟ್ಟಲಿಲ್ಲ. ಅತ್ತೆ ಮುಟ್ಟಿದರು.

ಮೊದಲ ಬಾವಲಿಯ ರೆಕ್ಕೆ ತಾಗಿದರೆ ಸಾಕು, ಆಳು ಸತ್ತ. ಮತ್ತೆ ಬಾಗಿಲಿನಿಂದ ಶುರು. ಮತ್ತೆ ಸತ್ತ. ಅತ್ತೆಗೆ ಸಿಟ್ಟು ನೆತ್ತಿಗೇರಿತು. ದೇವರ ಮುಂದೆ ನಿಂತು, “ಆ ದೀಪ ಹಚ್ಚೋ ತನಕ ನಾನು ಕಾಫಿ ಮುಟ್ಟಲ್ಲ” ಎಂದು ನಿಯಮ ತೆಗೆದುಕೊಂಡುಬಿಟ್ಟರು.

“ಅವರು ಬಿಟ್ಟರೆ ಬಿಡ್ಲಿ, ನಂಗೇನು? ನಂಗೆ ಕಾಫಿ ಕೊಡು” ಎಂದೆ.

“ಅಮ್ಮ ಬಾಯಿ ಕಟ್ಟಿ ಕೂತಿರೋವಾಗ ಅವರ ಮೂಗಿನ ಮುಂದೆ ಕಾಫಿ ಕಾಯಿಸ್ಲಾ? ನಾಚಿಕೆ ಆಗಲ್ವಾ ನಿಮಗೆ?” ಎಂದಳು ಸುಶೀಲ.

ಕಲ್ಲೂರಿನ ಚಾಯಕ್ಕಡೆಗೆ, ಅದೇ ಚಹಾದಂಗಡಿಗೆ, ಹೋಗಿ ಪೊಟ್ಟಣದ ಪುಡಿ ಕಲಸಿದ ಕಾಫಿ ಕುಡಿದೆ. ಥೂ! ಅಂಗಡಿಯ ಶ್ರೀಧರನ್, “ಎಂದಾ ಗೌಡರೇ, ತೋಟದಲ್ಲಿ ಕಾಪ್ಪಿ ತೀರ್ನೋ?” ಎಂದು, ನನ್ನ ಕಾಫಿಯೆಲ್ಲ ಮುಗಿದುಹೋದಂತೆ ನಕ್ಕ. ಆಮೇಲೆ ಅತ್ತ ಹೋಗಲಿಲ್ಲ.

ಇತ್ತ ಆಟದ ಕಷ್ಟ ದಿನದಿನಕ್ಕೆ ಜಾಗ ಬದಲಾಯಿಸುತ್ತಿತ್ತು. ಆಳಿಗೆ ಗೋಡೆ ಹತ್ತುವ ಉಗುರು ಸಿಕ್ಕಿತು, ಆಮೇಲೆ ರೆಕ್ಕೆ. ಅತ್ತೆಯನ್ನು ಅಳಿಸಿದ್ದ ಬಾವಲಿ ಈಗ ಲೆಕ್ಕಕ್ಕೇ ಇಲ್ಲ. ಅದರ ತಲೆಯ ಮೇಲೇ ಹಾರಿಹೋಗುತ್ತಿದ್ದರು. ಅಡ್ಡ ಬಂದವನ್ನು ಕತ್ತಿಯಿಂದ ಮೆಲ್ಲಗೆ ಹಿಂದಕ್ಕೆ ತಳ್ಳುತ್ತಿದ್ದರು. ಒಂದೇ ಏಟಿಗೆ ಅಲ್ಲಿ ಯಾವುದೂ ಸಾಯುತ್ತಿರಲಿಲ್ಲ, ತಳ್ಳಿಸಿಕೊಂಡು ಸುಮ್ಮನೆ ಹೋಗುತ್ತಿದ್ದವು. ಕೊನೆಗೊಂದು ಮಧ್ಯಾಹ್ನ ದೀಪ ಕಣ್ಣಿಗೆ ಕಾಣುವ ಕೋಣೆಯೂ ಬಂತು. ಅಷ್ಟರಲ್ಲಿ ಕರೆಂಟು ಹೋಯಿತು.

ಕರೆಂಟು ಬಂದಾಗ ಆಟದ ಮೊದಲ ಪುಟ ತೆರೆದುಕೊಂಡಿತು. ನಾನು ಆ ಪುಟ ನೋಡಿದ್ದು ಅದೇ ಮೊದಲು. ಮಲಯಾಳಂನಲ್ಲಿ ‘ಬುದ್ಧಿಮುಟ್ಟು: ಕೂಡುದಲ್’ ಎಂದಿತ್ತು.

“ಅತ್ತೆ, ಇದನ್ನ ಯಾರು ಒತ್ತಿದ್ದು?”

“ನಾನೇ. ಬುದ್ಧಿ ಕುರವೋ ಕೂಡುದಲೋ ಅಂತ ಕೇಳ್ತು. ಬುದ್ಧಿ ಕೊರತೆ ಅಂತ ನಾನ್ಯಾಕೆ ಒಪ್ಕೊಳ್ಲಿ, ಅಳಿಯಂದಿರೇ?”

“ಅಯ್ಯೋ ನಿಮ್ಮ! ಬುದ್ಧಿಮುಟ್ಟು ಅಂದ್ರೆ ಮಲಯಾಳಂನಲ್ಲಿ ಕಷ್ಟ ಅಂತ, ಕೂಡುದಲ್ ಅಂದ್ರೆ ಹೆಚ್ಚು. ಇಷ್ಟು ದಿನ ಎಲ್ಲಕ್ಕಿಂತ ಕಷ್ಟದ ಆಟ ಆಡಿದ್ದೀರಿ!”

“ಕಷ್ಟಕ್ಕೆ ಬುದ್ಧಿ ಅಂತ ಹೆಸರಿಟ್ಟಿದ್ದಾರಾ? ಎಂಥ ಜನಾನಪ್ಪ ಇವರು!”

ನಾನು ಪುಸಲಾಯಿಸಿ ‘ಕುರವು’ ಒತ್ತಿಸಿದೆ. ಕಷ್ಟ ಇಳಿಸಿದರೆ ಆಟ ನಿಂತಲ್ಲಿಂದಲೇ ಮುಂದುವರಿಯುತ್ತದೆ, ಆದರೆ ಮತ್ತೆ ಏರಿಸಲು ಆಟವನ್ನು ಮೊದಲಿನಿಂದ ಆಡಬೇಕು ಎಂದು ಕೆಳಗೆ ಬರೆದಿತ್ತು. ಏರಿಸುವವರು ಯಾರು? “ಲೇ ಸುಶೀಲ, ನೀರಿಡು, ಇನ್ನೇನು ಮುಗೀತು!” ಎಂದು ಕೂಗಿದೆ.

ಬಾವಲಿ ಬಂತು. ಅತ್ತೆ ಎಂದಿನಂತೆ ಕತ್ತಿಯಿಂದ ತಳ್ಳಿದರು. ಅದು ಪಟ್ಟನೆ ಒಡೆದು ಪುಡಿಯಾಯಿತು. ಹಿಂದೆ ಬಂದ ಹಾವೂ ಹಾಗೇ ಆಯಿತು. ಅತ್ತೆ ಕೈಯಲ್ಲಿದ್ದ ಆಟದ ರಿಮೋಟನ್ನು ನೆಲಕ್ಕಿಟ್ಟುಬಿಟ್ಟರು.

“ದೀಪ ಅಲ್ಲೇ ಇದೆ, ಹೋಗಿ ಅತ್ತೆ! ಬರೀ ಬೊಂಬೆ ಅವು, ಪ್ರಾಣ ಇಲ್ಲ!” ಎಂದು ಗೋಗರೆದೆ. ಒಳಗಿಂದ ಕಾಫಿಯ ಘಮ ಬರುತ್ತಿತ್ತು.

ಅತ್ತೆ ನನ್ನ ಕಡೆ ತಿರುಗಿದರು. “ಕಷ್ಟದಾಟದಲ್ಲಿ ನಾನೊಬ್ಬಳೇ ಸಾಯ್ತಿದ್ದೆ, ಅಳಿಯಂದಿರೇ. ಇದರಲ್ಲಿ ಇವೆಲ್ಲ ಸಾಯ್ತವೆ.”

ಹಾಳಾಗಿ ಹೋಗಲಿ ಕಾಫಿ! ಒಳಗೆ ಹೋಗಿ ಒಲೆ ಆರಿಸಿದೆ. ಬಂದು, ನಾನೇ ‘ಕೂಡುದಲ್’ ಒತ್ತಿ, ಆಳನ್ನು ಮೊದಲ ಬಾಗಿಲಲ್ಲಿ ನಿಲ್ಲಿಸಿ ರಿಮೋಟನ್ನು ಅತ್ತೆಯ ಕೈಗೆ ಕೊಟ್ಟೆ.